ಟೆರೇಸ್ ಬ್ಲೂಬೆರಿ: ಹದಿನಾಲ್ಕು ತಿಂಗಳು, ಹನ್ನೊಂದು ಹಣ್ಣು

ಹೋದ್ವರ್ಷ ಜೂನ್‌ನಲ್ಲಿ ಎರಡು ಗಿಡ ತಂದಿದ್ದೆ, ಈಗ ಆಗಸ್ಟ್, ಒಂದು ಗಿಡ ಹೋಯ್ತು, ಉಳಿದಿದ್ರಲ್ಲಿ ಹನ್ನೊಂದು ಹಣ್ಣು ಬಿಡ್ತು. ಲೆಕ್ಕ ಹಾಕಿದ್ರೆ ಒಂದೊಂದು ಹಣ್ಣಿಗೆ ಎಷ್ಟು ಬಿತ್ತು ಅಂತ ಮನೇಲಿ ಹೇಳಿಲ್ಲ, ಹೇಳೋದೂ ಇಲ್ಲ.

ಮೈಸೂರಲ್ಲಿ ಬ್ಲೂಬೆರಿನಾ ಅಂತ ಕೇಳೋರಿಗೆ: ತಳಿ ಬಿಲಾಕ್ಸಿ. ಮಾಮೂಲಿ ಬ್ಲೂಬೆರಿಗೆ 7 ಡಿಗ್ರಿಗಿಂತ ಕಮ್ಮಿ ಚಳಿ ನೂರಾರು ಗಂಟೆ ಸಿಗಬೇಕು, ಕುವೆಂಪುನಗರದಲ್ಲಿ ಅದೆಲ್ಲಿಂದ ತರೋಣ, ಫ್ರಿಜ್ಜಲ್ಲೇ ಇಡಬೇಕಷ್ಟೆ. ಬಿಲಾಕ್ಸಿಗೆ ಆ ಕಾಟ ಕಮ್ಮಿ, ಪೆರುವಿನ ಕರಾವಳಿ ಮರಳುಗಾಡಲ್ಲೇ ಇದನ್ನ ಎಕರೆಗಟ್ಟಲೆ ಬೆಳೆದಿದಾರೆ.

ಮಣ್ಣಿನ ವಿಷ್ಯದಲ್ಲಿ ನಾನು ತುಂಬಾ ಓದ್ಕೊಂಡಿದ್ದೆ. ಪಿಹೆಚ್ (ಹುಳಿ ಎಷ್ಟಿದೆ ಅನ್ನೋ ಅಳತೆ, 7ಕ್ಕಿಂತ ಕಮ್ಮಿ ಇದ್ರೆ ಹುಳಿ) 4.5ರಿಂದ 5.5ರೊಳಗೆ ಇರ್ಬೇಕು, ಬೇರು ಕೂದಲಿನ ಹಾಗೆ ಸಣ್ಣ, ಮೇಲ್ಮೇಲೇ ಹರಡುತ್ತೆ, ನಮ್ಮ ಕೆಂಪು ಮಣ್ಣು ಗಟ್ಟಿಯಾದ್ರೆ ಉಸಿರು ಕಟ್ಟುತ್ತೆ, ಅದಕ್ಕೇ ಮಣ್ಣೇ ಹಾಕ್ದೆ ಪೈನ್ ತೊಗಟೆ, ಪೀಟ್ ಮಾಸ್ ಅನ್ನೋ ಕೊಳೆತ ಪಾಚಿ, ಸ್ವಲ್ಪ ಪರ್ಲೈಟ್ ಅನ್ನೋ ಹಗುರ ಬಿಳಿ ಹರಳು ಕಲ್ಸಿ ದೊಡ್ಡ ಗ್ರೋ ಬ್ಯಾಗಿಗೆ ತುಂಬಿದೆ. ಮಳೆಗಾಲ ಪೂರ್ತಿ ಏನ್ ಬೆಳವಣಿಗೆ ಅಂತೀರಿ, ಸೆಪ್ಟೆಂಬರ್ ಹೊತ್ತಿಗೆ ಮೊಣಕಾಲುದ್ದ, ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕ್ಕೊಂಡೆ.

ಮಳೆ ನಿಂತ್ಮೇಲೆ ಶುರುವಾಯ್ತು ನೋಡಿ. ಡಿಸೆಂಬರ್‌ನಲ್ಲಿ ಚಿಗುರೆಲೆ ಎಲ್ಲಾ ಹಳದಿ, ನರ ಮಾತ್ರ ಹಸಿರು, ಬಲೆ ಹಾಸಿದಂಗೆ. ಕಬ್ಬಿಣದ ಕೊರತೆ ಅಂತ ಚಿಲೇಟೆಡ್ ಐರನ್, ಅಂದ್ರೆ ಗಿಡ ಸುಲಭವಾಗಿ ಹೀರ್ಕೊಳ್ಳೋ ಕಬ್ಬಿಣ, ಕೊಟ್ಟೆ, ಒಂದು ವಾರ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಗೊಬ್ಬರ ಸಾಲ್ತಿಲ್ಲ ಅನ್ಕೊಂಡು ಇನ್ನಷ್ಟು ಸುರಿದಿದ್ದು ನನ್ನ ದೊಡ್ಡ ತಪ್ಪು, ಜನವರಿಲಿ ಒಂದು ಗಿಡ ತುದಿಯಿಂದ ಒಣಗ್ತಾ ಬಂದು ಹೋಗೇಬಿಡ್ತು.

ಕಾರಣ ಸಿಕ್ಕಿದ್ದು ಬಚ್ಚಲಲ್ಲಿ. ಅಮ್ಮ ಬಕೆಟ್ ಉಜ್ತಾ "ಈ ಬೋರ್ ನೀರಿಗೆ ಬಕೆಟ್ಟೆಲ್ಲಾ ಸುಣ್ಣ ಬಳ್ದಂಗೆ ಆಗಿದೆ ನೋಡೋ" ಅಂದ್ರು. ನಾನು ಅದೇ ನೀರನ್ನ ಎರಡು ತಿಂಗಳಿಂದ ಗಿಡಕ್ಕೆ ಹಾಕ್ತಿದ್ದೆ! ಪಿಹೆಚ್ ನೋಡೋ ಕಾಗದದ ಪಟ್ಟಿ ಅದ್ದಿ ನೋಡಿದ್ರೆ ನೀರು 8ರ ಹತ್ರ, ಬ್ಯಾಗಿಂದ ಸೋರಿದ ನೀರೇ 7 ದಾಟಿತ್ತು. ಪಿಹೆಚ್ ಏರಿದ್ರೆ ಕಬ್ಬಿಣ ಅಲ್ಲೇ ಇದ್ರೂ ಬೇರಿಗೆ ಎಟಕಲ್ಲ, ಅಂದ್ರೆ ನಾನು ದಿನಾ ಒಂದೊಂದು ಚೊಂಬು ಸುಣ್ಣ ಕುಡಿಸ್ತಿದ್ದೆ.

ಈಗ ಅಂಗಡಿಲಿ ಸಿಗೋ ನಿಂಬೆ ಉಪ್ಪು, ಅದೇ ಸಿಟ್ರಿಕ್ ಆಸಿಡ್, ಇಪ್ಪತ್ತು ಲೀಟರಿಗೆ ಎರಡು ಟೀ ಚಮಚ ಹಾಕಿ 5.5ಕ್ಕೆ ಇಳಿಸ್ತೀನಿ. ನಿಮ್ಮನೆ ನೀರು ಬೇರೆ ಇರತ್ತೆ, ಪಟ್ಟಿ ಅದ್ದಿ ನೋಡ್ಕೊಂಡೇ ಹಾಕಿ. ಮಳೆ ನೀರಿಗೂ ಒಂದು ಡ್ರಮ್ ಇಟ್ಟಿದೀನಿ. ಗೊಬ್ಬರ ಹುಳಿ ಹೆಚ್ಚಿಸೋ ಅಮೋನಿಯಂ ಸಲ್ಫೇಟ್ ಮಾತ್ರ, ಅದೂ ಚಿಟಿಕೆ. ಅಮ್ಮ ಎಲ್ಲಾ ಕುಂಡಕ್ಕೂ ಹಂಡೆ ಒಲೆ ಬೂದಿ ಹಾಕೋರು, ಬೂದೀನೂ ಸುಣ್ಣದ ಹಾಗೇ ಪಿಹೆಚ್ ಏರಿಸುತ್ತೆ, ಇದಕ್ಕೆ ಮಾತ್ರ ಬೇಡ ಅಂತ ಕೈಮುಗ್ದು ಕೇಳ್ಕೊಂಡೆ.

ಮಾರ್ಚಲ್ಲಿ ಹೂ ಬಂತು, ಅಕ್ಕಿ ಬಣ್ಣದ ಪುಟ್ಟ ಗಂಟೆಗಳು. ಚಿಕ್ಕ ಗಿಡದಲ್ಲಿ ಹೂ ಚಿವುಟಬೇಕು ಅಂತಾರೆ, ಚಿವುಟಿದೆ, ಆದ್ರೆ ಒಂದು ಕೊಂಬೆ ಮನಸ್ಸು ಬರ್ದೆ ಬಿಟ್ಟೆ. ನೀಲಿ ಆದ ತಕ್ಷಣ ಕಿತ್ತ ಮೊದಲನೇದು ಹುಣಸೆ ಹುಳಿ. ತೊಟ್ಟಿನ ಸುತ್ತ ಕೆಂಪು ಉಂಗುರ ಇದ್ರೆ ಇನ್ನೂ ಆಗಿಲ್ಲ ಅಂತ, ಅದು ಹೋಗಿ ಇನ್ನೊಂದು ನಾಕೈದು ದಿನ ಬಿಟ್ರೆ ಸಿಹಿ. ಆ ನಾಕೈದು ದಿನದಲ್ಲೇ ಪಿಕಳಾರ ಮೂರು ಹಣ್ಣು ತಿಂದು ಹೋಯ್ತು.

ಅಮ್ಮಂಗೆ ಎರಡು ಕೊಟ್ಟೆ. ಬಾಯಿಗೆ ಹಾಕ್ಕೊಂಡು ಸ್ವಲ್ಪ ಹೊತ್ತು ಸುಮ್ನಿದ್ದು, "ನೇರಳೆ ಹಣ್ಣೇ ವಾಸಿ ಕಣೋ" ಅಂದ್ರು. ಹಕ್ಕಿಗೆ ಸಿಗದಂಗೆ ಸೊಳ್ಳೆ ಪರದೆ ಹೊಲೀತಾ ಇದೀನಿ, ಹೂವಿಗೆ ಮುಂಚೆನೇ ಅಲ್ಲ, ಜೇನು ಬಂದು ಹೋದ್ಮೇಲೆ ಕಾಯಿಗೆ ಮುಚ್ಚೋಕೆ.