ದಾಸಮಗಟ್ಟೆ ಬರ್ಕೊಳ್ಳಿ, ಅದು ಇಲ್ಲ

ಭಾನುವಾರದಿಂದ ಒಂದೇ ಮಾತು ತಲೆಯಲ್ಲಿ ಗಿರಕಿ ಹೊಡೆಯುತ್ತಿದೆ. ಹೇಳಿದ್ದು ಮೇಕೆ ಕಾಯುತ್ತಿದ್ದ ಒಬ್ಬ ಅಜ್ಜಿ. ಹೇಳಿಸಿಕೊಂಡಿದ್ದು ನಾವು ಮೂವರು, ಕುತ್ತಿಗೆಗೆ ಬೈನಾಕ್ಯುಲರ್ ನೇತುಹಾಕಿಕೊಂಡು ಬಹಳ ದೊಡ್ಡ ಕೆಲಸ ಮಾಡುತ್ತಿದ್ದೇವೆ ಅಂದುಕೊಂಡಿದ್ದವರು.

ನಮ್ಮ ಗುಂಪು ಪಕ್ಷಿ ಅಟ್ಲಾಸ್ ಮಾಡುತ್ತಿದೆ. ಅಂದರೆ ಯಾವ ಹಕ್ಕಿ ಎಲ್ಲೆಲ್ಲಿದೆ ಅಂತ ನಕ್ಷೆ ಬರೆಯುವ ಕೆಲಸ. ಇಡೀ ಪ್ರದೇಶವನ್ನು ಚೌಕಗಳಾಗಿ ಕತ್ತರಿಸಿ, ಅದರಲ್ಲಿ ಕೆಲವನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್‌ನಿಂದ ಆರಿಸಿ, ಒಂದೊಂದನ್ನು ಒಂದೊಂದು ತಂಡಕ್ಕೆ ಕೊಡುತ್ತಾರೆ. ಹಂಚುವ ದಿನ ಕೆರೆ ಇರುವ ಚೌಕಕ್ಕೆ ಐದಾರು ಕೈ ಒಟ್ಟಿಗೇ ಮೇಲೆದ್ದವು. ಕಾಡಂಚಿನ ಚೌಕಕ್ಕಂತೂ ಸಣ್ಣ ಜಗಳವೇ ಆಯಿತು. ನಮ್ಮದಕ್ಕೆ ಯಾರೂ ಕೈ ಎತ್ತಲಿಲ್ಲ. ಒಣಗಿದ ಹೊಲ, ಅರ್ಧಕ್ಕೆ ಬಿಟ್ಟ ಕಲ್ಲು ಕ್ವಾರಿ, ಜಾಲಿ ಪೊದೆ, ನಡುವೆ ಹಾದುಹೋದ ಕರೆಂಟ್ ತಂತಿ. ಅಷ್ಟೇ.

ಕ್ಯಾಮೆರಾ ಹುಡುಗ ನಕ್ಷೆ ನೋಡಿದವನೇ, "ಸರ್, ಇಲ್ಲೇನು ಸಿಗುತ್ತೆ? ಪಕ್ಕದ ಕೆರೆಗೆ ಹೋಗೋಣ, ಒಂದೇ ಬೆಳಗ್ಗೆ ಐವತ್ತು ಜಾತಿ ಆಗುತ್ತೆ" ಅಂದ. ಮೇಷ್ಟ್ರು ಒಪ್ಪಲಿಲ್ಲ. ಗಣಿತ ಪಾಠ ಮಾಡಿ ನಿವೃತ್ತರಾದವರು, ಒಪ್ಪುವ ಪೈಕಿ ಅಲ್ಲ. ಎಲ್ಲರೂ ತಮಗೆ ಇಷ್ಟವಾದ ಜಾಗಕ್ಕೇ ಹೋದರೆ ಕೊನೆಗೆ ಸಿಗುವುದು ಹಕ್ಕಿಗಳ ನಕ್ಷೆಯಲ್ಲ, ಹಕ್ಕಿ ನೋಡುವವರು ಎಲ್ಲೆಲ್ಲಿ ತಿರುಗಾಡಿದರು ಅನ್ನುವ ನಕ್ಷೆ ಅನ್ನುವುದು ಅವರ ವಾದ. ನಿಜವೇ. ಆದರೆ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕ್ವಾರಿಗೆ ಹೋಗುವಾಗ ನಿಜ ಅಷ್ಟೇನೂ ರುಚಿಸುವುದಿಲ್ಲ.

ನಾವು ಅನುಸರಿಸುತ್ತಿರುವುದು ಕೇರಳದವರ ಕ್ರಮವನ್ನು. ಅವರು 2015ರಿಂದ 2020ರವರೆಗೆ ಇಡೀ ರಾಜ್ಯವನ್ನು ಹೀಗೆ ಜಾಲಾಡಿದರು. ಸುಮಾರು ಒಂದು ಕಿಲೋಮೀಟರ್ ಅಗಲದ ಚೌಕ, ಅದರೊಳಗೆ ಹದಿನೈದು ಹದಿನೈದು ನಿಮಿಷದ ನಾಲ್ಕು ಎಣಿಕೆ. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಗೆ ಮುಂಚೆ ಒಮ್ಮೆ. ಸಾವಿರಕ್ಕೂ ಹೆಚ್ಚು ಜನ ಸೇರಿ 25,000ಕ್ಕೂ ಹೆಚ್ಚು ಪಟ್ಟಿ ಮಾಡಿದರು, 361 ಜಾತಿಗಳ ಲೆಕ್ಕ ಸಿಕ್ಕಿತು. ಆ ಸಾವಿರ ಜನರಲ್ಲೂ ಇಂಥ ಬೋಳು ಚೌಕ ಸಿಕ್ಕಿ ಗೊಣಗಿದವರು ಎಷ್ಟೋ ಮಂದಿ ಇದ್ದಿರಬೇಕು. ಅವರಿಗೆ ನನ್ನದೊಂದು ನಮಸ್ಕಾರ.

ಮೊದಲ ಹದಿನೈದು ನಿಮಿಷದಲ್ಲಿ ಸಿಕ್ಕಿದ್ದು ಕಾಗೆ ನಾಲ್ಕು, ಮೈನಾ ಆರು, ತಂತಿ ಮೇಲೆ ಒಂದು ಕಾಜಾಣ. ಎರಡನೆಯದರಲ್ಲಿ ಎರಡು ಟಿಟ್ಟಿಭ. ಅವು ನಮ್ಮನ್ನು ನೋಡಿ ಊರಿಗೆಲ್ಲ ಕೇಳುವ ಹಾಗೆ ಅರಚಿದವು. ಮೇಷ್ಟ್ರು ಮೊಬೈಲ್ ನಂಬುವುದಿಲ್ಲ. ಜೇಬಿನ ಪುಟ್ಟ ನೋಟ್‌ಬುಕ್‌ನಲ್ಲಿ ಪೆನ್ಸಿಲ್‌ನಿಂದ ಗೀಟು ಹಾಕುತ್ತಾರೆ, ನಾಲ್ಕು ನೇರ ಗೀಟು, ಐದನೆಯದು ಅಡ್ಡ. ನಾನು ಅದನ್ನು ನೋಡಿಕೊಂಡು ಆ್ಯಪ್‌ನಲ್ಲಿ ತುಂಬುತ್ತೇನೆ. ಹುಡುಗ ಕ್ಯಾಮೆರಾದ ಲೆನ್ಸ್ ಒರೆಸುತ್ತಾ ನಿಂತಿದ್ದ. ನನಗೆ ಈ ದೊಡ್ಡ ಲೆನ್ಸಿನವರ ಮೇಲೆ ಸ್ವಲ್ಪ ಸಿಟ್ಟಿದೆ, ಮುಚ್ಚಿಡುವುದೇಕೆ. ಅವರಿಗೆ ಮೈನಾ ಹಕ್ಕಿಯೇ ಅಲ್ಲ. ಹಾಗಂತ ಇವನು ಕೆಟ್ಟವನೇನಲ್ಲ. ಅವನ ಕಿವಿ ನಮ್ಮಿಬ್ಬರ ಕಿವಿಗಿಂತ ಎಷ್ಟೋ ಚುರುಕು. ಪೊದೆಯೊಳಗಿನ ಸಿಂಪಿಗದ ದನಿಯನ್ನು ಹಿಡಿದಿದ್ದು ಅವನೇ.

ಮೂರನೆಯ ಎಣಿಕೆಯಲ್ಲಿ ಜಗಳವಾಯಿತು. ದೂರದಲ್ಲಿ ಒಂದು ಸೆಳೆವ ಹಾರಿತು. ಗಿಡುಗದ ಹಾಗಿರುವ, ಹೊಲದ ಮೇಲೆ ತೀರ ತಗ್ಗಿನಲ್ಲಿ ತೇಲುತ್ತಾ ಹೋಗುವ ಚಳಿಗಾಲದ ಅತಿಥಿ. ಹುಡುಗನ ಮುಖ ಅರಳಿತು. ಟಕಟಕ ಫೋಟೋ ಹೊಡೆದ. ಮೇಷ್ಟ್ರು ನಕ್ಷೆ ನೋಡಿ, "ಅದು ಗೆರೆ ಆಚೆ ಇದೆ. ನಮ್ಮದಲ್ಲ" ಅಂದರು.

"ಸರ್, ಐವತ್ತು ಮೀಟರ್! ಹಕ್ಕಿಗೆ ಗೆರೆ ಗೊತ್ತಾ?"

"ಹಕ್ಕಿಗೆ ಗೊತ್ತಿಲ್ಲ. ನಿನಗೆ ಗೊತ್ತಲ್ವಾ?"

ಅವನು ಮುಖ ಊದಿಸಿಕೊಂಡ. ನನಗೂ ಬೇಜಾರಾಯಿತು, ಬರೆದುಕೊಂಡುಬಿಡೋಣ ಅನ್ನಿಸಿದ್ದೂ ಸುಳ್ಳಲ್ಲ. ಇಷ್ಟೊತ್ತು ಕಾದಿದ್ದಕ್ಕೆ ಒಂದು ಹೇಳಿಕೊಳ್ಳುವಂಥ ಹಕ್ಕಿ ಬೇಕಿತ್ತು.

ಅಜ್ಜಿ ಬಂದಿದ್ದು ಆಗ. ಕೈಯಲ್ಲಿ ಉದ್ದನೆ ಕೋಲು, ಹಿಂದೆ ಹತ್ತೆಂಟು ಮೇಕೆ. ಸ್ವಲ್ಪ ದೂರದಲ್ಲೇ ನಿಂತು ನಮ್ಮನ್ನು ಅಳೆದರು. ಮೊಬೈಲ್, ನಕ್ಷೆ, ದುರ್ಬೀನು ಹಿಡಿದು ಹೊಲದಲ್ಲಿ ನಿಂತ ಮೂರು ಜನ ಅಂದರೆ ಏನರ್ಥ ಅಂತ ಅವರಿಗೆ ಅನುಭವದಿಂದಲೇ ಗೊತ್ತಿತ್ತು ಅಂತ ಕಾಣುತ್ತೆ.

"ಏನಪ್ಪಾ, ಜಮೀನು ಅಳೀತಿದೀರಾ? ರೋಡ್ ಬರ್ತದಾ?"

"ಇಲ್ಲಮ್ಮಾ, ಹಕ್ಕಿ ಎಣಿಸ್ತಾ ಇದೀವಿ" ಅಂದೆ.

ಅವರು ನಂಬಲಿಲ್ಲ. ಮೇಷ್ಟ್ರ ನೋಟ್‌ಬುಕ್ ತೋರಿಸಿದ ಮೇಲೆ ಗೀಟುಗಳನ್ನು ನೋಡಿ ಜೋರಾಗಿ ನಕ್ಕರು. "ಕಾಗೆ ಎಣಿಸೋಕೆ ಇಷ್ಟು ದೂರ ಬಂದ್ರಾ? ನಿಮ್ಮೂರಲ್ಲಿ ಕಾಗೆ ಇಲ್ವಾ?"

ಹುಡುಗನೂ ನಕ್ಕ. ಅವನ ಮನಸ್ಸಿನ ಮಾತನ್ನೇ ಅಜ್ಜಿ ಆಡಿದ್ದರು. ಮೇಷ್ಟ್ರಿಗೆ ಪಾಠ ಮಾಡುವ ಹುರುಪು ಬಂತು. ಇರುವುದನ್ನು ಬರೆದರೆ ಮಾತ್ರ ಸಾಲದು, ಏನಿಲ್ಲ ಅನ್ನೋದೂ ಗೊತ್ತಾಗಬೇಕು, ಅದಕ್ಕೇ ಕಂಡಿದ್ದೆಲ್ಲ ಬಿಡದೆ ಬರೀತೀವಿ, ಬರೆಯದೇ ಇದ್ದದ್ದು ಇರಲಿಲ್ಲ ಅಂತ ತಿಳ್ಕೊಬಹುದು ಅಂತ ವಿವರಿಸಿದರು. ಅಜ್ಜಿ ಗಮನವಿಟ್ಟು ಕೇಳಿದರು.

"ಇಲ್ದೇ ಇರೋದನ್ನೂ ಬರ್ಕೊಳ್ತೀರಾ?"

"ಒಂಥರಾ ಹಂಗೇ ಅಮ್ಮಾ."

"ಹಂಗಾದ್ರೆ ದಾಸಮಗಟ್ಟೆ ಬರ್ಕೊಳ್ಳಿ. ಅದು ಇಲ್ಲ."

ಕೋಲಿನಿಂದ ತಂತಿ ತೋರಿಸಿದರು. ಕಾಜಾಣ ಕೂತಿದ್ದ ಅದೇ ತಂತಿ. ಅಲ್ಲಿ ಕೂತಿರುತ್ತಿತ್ತಂತೆ, ಮಂಕಾಗಿ, ಹಾರಿದರೆ ಮಾತ್ರ ನೀಲಿ. "ಸುಮ್ನೆ ಕೂತಿದ್ರೆ ಮಣ್ಣುಬಣ್ಣ. ರೆಕ್ಕೆ ಬಿಚ್ಚಿದ್ರೆ ನೋಡ್ಬೇಕು." ಈಗ ಎಷ್ಟೋ ವರ್ಷದಿಂದ ಕಂಡಿಲ್ಲ ಅಂದರು. ಬೇಲಿ ಕಡೆ ತಿರುಗಿ, ಅಲ್ಲಿ ಗೌಜಲಕ್ಕಿ ಇದೆ, ನಿಮ್ಮ ಗಲಾಟೆಗೆ ಅಡಗಿಕೊಂಡಿದೆ ಅಂತಲೂ ಹೇಳಿ ಮೇಕೆ ಹಿಂದೆ ಹೋದರು. ನಾವು ಕಿವಿಗೊಟ್ಟು ಕಾದೆವು. ಗೌಜಲಕ್ಕಿ ಕೂಗಲಿಲ್ಲ. ಹಾಗಾಗಿ ಅದನ್ನೂ ಬರೆಯುವಂತಿರಲಿಲ್ಲ.

ದಾಸಮಗಟ್ಟೆ ಅಂದರೆ ನೀಲಕಂಠ, ನಮ್ಮ ರಾಜ್ಯಪಕ್ಷಿ. ಅಜ್ಜಿಯ ಮಾತು ಸುಳ್ಳಿರಲಾರದು ಅಂತ ನಂಬೋದಕ್ಕೆ ನನಗೆ ಕಾರಣವಿದೆ. 2023ರಲ್ಲಿ ಬಂದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ, 30,000ಕ್ಕೂ ಹೆಚ್ಚು ಹವ್ಯಾಸಿಗಳು ಬರೆದ ಸುಮಾರು 3 ಕೋಟಿ ದಾಖಲೆ ಇಟ್ಟುಕೊಂಡು 942 ಜಾತಿಗಳನ್ನು ನೋಡಿತ್ತು. ನಮ್ಮ ಕಣ್ಣೆದುರಿಗೇ ತೀರಾ ಸಾಮಾನ್ಯ ಅನ್ನಿಸಿಕೊಂಡಿದ್ದ ನೀಲಕಂಠ ಗಣನೀಯವಾಗಿ ಕಡಿಮೆಯಾಗಿದೆ, ಇದರ ಅಪಾಯದ ಮಟ್ಟವನ್ನು ಮತ್ತೆ ಪರಿಶೀಲಿಸಬೇಕು ಅಂತ ಹೆಸರಿಸಿದ 14 ಜಾತಿಗಳಲ್ಲಿ ಅದೂ ಒಂದು. 3 ಕೋಟಿ ದಾಖಲೆ ಜರಡಿ ಹಿಡಿದು ಕಂಡುಕೊಂಡಿದ್ದನ್ನು ಅಜ್ಜಿ ಒಂದು ತಂತಿ ನೋಡಿ ಹೇಳಿದರು. ಹೀಗೆ ಬರೆದರೆ ಚೆನ್ನಾಗಿ ಕಾಣುತ್ತೆ. ಆದರೆ ಅದು ಪೂರ್ತಿ ಸರಿಯಲ್ಲ ಅನ್ನೋದೂ ನನಗೆ ಗೊತ್ತು. ಒಂದು ತಂತಿಯಲ್ಲಿ ಇಲ್ಲ ಅಂದರೆ ದೇಶದಲ್ಲಿ ಕಮ್ಮಿಯಾಗಿದೆ ಅಂತಲ್ಲ. ಮುಂದಿನ ಊರಿನ ತಂತಿಯಲ್ಲಿ ಎರಡು ಕೂತಿರಬಹುದು. ಅದಕ್ಕೇ ತಾನೇ ಎಲ್ಲಾ ಚೌಕ ಸುತ್ತೋದು.

ವಾಪಸ್ ಬಂದು ಪಟ್ಟಿ ಕಳಿಸಲು ಕೂತೆ. ಆ್ಯಪ್ ಕೊನೆಯಲ್ಲಿ ಒಂದು ಪ್ರಶ್ನೆ ಕೇಳುತ್ತದೆ, ಗುರುತಿಸಿದ ಎಲ್ಲಾ ಹಕ್ಕಿಗಳನ್ನೂ ಬರೆದಿದ್ದೀರಾ ಅಂತ. ದಿನಾ ಯೋಚಿಸದೆ ಹೌದು ಅಂತ ಒತ್ತುತ್ತಿದ್ದೆ. ಹೌದು ಅಂದರೆ ಪಟ್ಟಿ ಪೂರ್ತಿ. ಪಟ್ಟಿಯಲ್ಲಿ ಇಲ್ಲದ್ದನ್ನು ಆ ಹೊತ್ತಿಗೆ ಕಾಣಲಿಲ್ಲ ಅಂತ ಲೆಕ್ಕ ಹಿಡಿಯಬಹುದು. ಭಾನುವಾರ ಆ ಗುಂಡಿಯ ಮುಂದೆ ಬೆರಳು ನಿಂತುಬಿಟ್ಟಿತು. ನಮ್ಮ ಪಟ್ಟಿಯಲ್ಲಿ ನೀಲಕಂಠ ಇಲ್ಲ. ಪೆಂಗ್ವಿನ್ನೂ ಇಲ್ಲ. ಎರಡೂ ಒಂದೇ ಥರ ಇಲ್ಲ. ಎಂದೂ ಬಾರದ ಹಕ್ಕಿಗೂ, ಇದ್ದು ಹೋದ ಹಕ್ಕಿಗೂ ಆ ಪಟ್ಟಿಯಲ್ಲಿ ಒಂದೇ ಖಾಲಿ ಜಾಗ.

ಈ ಖಾಲಿಗೆ ಬೆಲೆ ಬರಬೇಕಾದರೆ ಹಳೆಯ ನಕ್ಷೆ ಬೇಕು. ಬ್ರಿಟನ್ ಮತ್ತು ಐರ್ಲೆಂಡಿನವರ ಬಳಿ ಅದಿದೆ. 1968ರಿಂದ 1972ರವರೆಗೆ ಹತ್ತು ಕಿಲೋಮೀಟರಿನ ಚೌಕ ಹಾಕಿ ಇಡೀ ನಾಡನ್ನು ಸುತ್ತಿದರು, 1976ರಲ್ಲಿ ಅಟ್ಲಾಸ್ ಅಚ್ಚಾಯಿತು. ಆಗ ಕೆಂಪು ಬೆನ್ನಿನ ಕಳಿಂಗ ಹಕ್ಕಿ ಇಂಗ್ಲೆಂಡಿನ ಆಗ್ನೇಯ ಭಾಗದಲ್ಲಿ ಇನ್ನೂ ಗೂಡು ಕಟ್ಟುತ್ತಿತ್ತು. 1988ರಿಂದ 1991ರವರೆಗೆ ಮತ್ತೆ ಸುತ್ತಿದಾಗ ಆ ಚುಕ್ಕಿಗಳು ಹೆಚ್ಚುಕಮ್ಮಿ ಅಳಿಸಿಹೋಗಿದ್ದವು. ಮೊದಲ ಸಲ ಯಾರೋ ಎದ್ದು ಹೋಗಿ ಚುಕ್ಕಿ ಇಟ್ಟಿದ್ದರಿಂದ ಎರಡನೇ ಸಲದ ಖಾಲಿ ಜಾಗ ಕಣ್ಣಿಗೆ ಬಿತ್ತು. ನಮ್ಮ ಕ್ವಾರಿ ಚೌಕದಲ್ಲಿ ಆ ಮೊದಲ ಚುಕ್ಕಿ ಇರುವುದು ಒಬ್ಬ ಅಜ್ಜಿಯ ನೆನಪಿನಲ್ಲಿ ಮಾತ್ರ. ನಾವು ಹೋಗಿದ್ದು ತಡವಾಗಿ.

ಇದು ಯೋಚಿಸುತ್ತಾ ನನ್ನ ಮನೆ ಹಿಂದಿನ ಗಿಡಗಳವರೆಗೂ ಹೋಯಿತು. ನಾನು ಚಿಕ್ಕವನಿದ್ದಾಗ ಅಲ್ಲಿ ಯಾವ ಹಕ್ಕಿ ಇದ್ದವು? ಗುಬ್ಬಿ ಇದ್ದವು ಅಂತ ಎಲ್ಲರ ಹಾಗೆ ನಾನೂ ಹೇಳುತ್ತೇನೆ. ಬೇರೆ? ಗೊತ್ತಿಲ್ಲ. ನೋಡಿರಲೇ ಇಲ್ಲ. ಹದಿನೈದು ವರ್ಷದಿಂದ ಹಕ್ಕಿ ನೋಡುತ್ತಿರುವ ನಾನು, ನನ್ನದೇ ಹಿತ್ತಲಿನಲ್ಲಿ ಏನು ಕಳೆದುಹೋಯಿತು ಅಂತ ಹೇಳಲಾರೆ.

ಕೊನೆಗೆ ಹೌದು ಅಂತಲೇ ಒತ್ತಿದೆ. ಅದು ಸತ್ಯವೇ, ಕಂಡಿದ್ದೆಲ್ಲ ಬರೆದಿದ್ದೆವು. ಟಿಪ್ಪಣಿ ಬರೆಯುವ ಜಾಗದಲ್ಲಿ ಮಾತ್ರ ಎರಡು ಸಾಲು ಸೇರಿಸಿದೆ: ತಂತಿ ಮೇಲೆ ಮುಂಚೆ ದಾಸಮಗಟ್ಟೆ ಇತ್ತು, ಈಗ ಕಾಣುವುದಿಲ್ಲ ಅಂತ ಸ್ಥಳೀಯರು ಹೇಳುತ್ತಾರೆ. ಸೆಳೆವದ ವಿಷಯ ಬರೆಯಲಿಲ್ಲ. ಹುಡುಗ ಅದನ್ನು ತನ್ನದೇ ಬೇರೆ ಪಟ್ಟಿಯಲ್ಲಿ, ಸರಿಯಾದ ಜಾಗ ಗುರುತಿಸಿ, ಫೋಟೋ ಸಮೇತ ಹಾಕಿದ್ದ. ಫೋಟೋ ಚೆನ್ನಾಗಿದೆ, ಒಪ್ಪಿಕೊಳ್ಳಬೇಕು.

ಬುಧವಾರ ಮೇಷ್ಟ್ರು ಫೋನ್ ಮಾಡಿದರು. ನನ್ನ ಟಿಪ್ಪಣಿ ಓದಿದ್ದರು. ತೆಗೆದುಹಾಕಿ ಅಂತಾರೆ ಅಂದುಕೊಂಡೆ. ಯಾರೋ ಹೇಳಿದ್ದು ಲೆಕ್ಕ ಆಗೋದಿಲ್ಲ ಅನ್ನೋದು ಅವರ ಹಳೆಯ ಪಲ್ಲವಿ.

"ಇರಲಿ, ತೆಗೀಬೇಡಿ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ವರ್ಷದಿಂದ ಕಾಣ್ತಿಲ್ಲ ಅಂತ ಕೇಳಿದ್ರಾ?" ಅಂದರು.

ಕೇಳಿರಲಿಲ್ಲ. ಆ ಹೊತ್ತಿಗೆ ನಾಲ್ಕನೇ ಹದಿನೈದು ನಿಮಿಷ ಶುರುವಾಗಬೇಕಿತ್ತು. ನಾನು ಗಡಿಯಾರ ನೋಡುತ್ತಿದ್ದೆ.

ಮಳೆಗಾಲದ ಎಣಿಕೆಗೆ ಅದೇ ಚೌಕಕ್ಕೆ ಮತ್ತೆ ಹೋಗಬೇಕು. ಹುಡುಗ ಕೆರೆಯ ಚೌಕ ಕೇಳಿದ್ದಾನೆ, ಕೊಡುತ್ತಾರಂತೆ. ನಾನು ಮತ್ತು ಮೇಷ್ಟ್ರು ಇಲ್ಲೇ ಇರುತ್ತೇವೆ. ಮಳೆಗಾಲದಲ್ಲಿ ಅಜ್ಜಿ ಮೇಕೆ ಮೇಯಿಸೋದು ಯಾವ ಕಡೆಗೋ.