ಹಳೇ ಯಮಹಾ ಪೆಸಿಫಿಕಾ: ತಗೊಳ್ಳೋದಾ, ಬೇಡವಾ?

ಜೂನ್ 28

ಶಿವಮೊಗ್ಗದ ವಿನೋಬನಗರದಲ್ಲಿ ಒಬ್ಬ ಹುಡುಗ ಯಮಹಾ ಪೆಸಿಫಿಕಾ 112ವಿ ಎಲೆಕ್ಟ್ರಿಕ್ ಗಿಟಾರ್ ಮಾರ್ತಾ ಇದ್ದಾನೆ ಅಂತ ಗೆಳೆಯ ಫೋನ್ ಮಾಡಿದ. ಹದಿನಾಲ್ಕು ಸಾವಿರ ಹೇಳ್ತಿದ್ದಾನಂತೆ. ಮೂರು ವರ್ಷ ಅಕೂಸ್ಟಿಕ್‌ನಲ್ಲಿ ಕಲಿತೆ, ಎಲೆಕ್ಟ್ರಿಕ್ ಅಂದರೆ ಇದೇ ಅಂತ ಮೊದಲಿಂದ ಮನಸ್ಸಲ್ಲಿದೆ. ತಂತಿಯ ಕಂಪನ ಹಿಡಿಯುವ ಪಿಕಪ್‌ಗಳಲ್ಲಿ ಎರಡು ಸಿಂಗಲ್ ಕಾಯಿಲ್‌ನವು, ತಂತಿ ಬಾಡಿ ಮೇಲೆ ಕೂರುವ ಬ್ರಿಜ್ ಪಕ್ಕ ಎರಡು ಕಾಯಿಲ್‌ನ ಒಂದು ಹಂಬಕರ್. ಟೋನ್ ನಾಬ್ ಮೇಲಕ್ಕೆಳೆದರೆ ಹಂಬಕರ್‌ನ ಒಂದು ಕಾಯಿಲ್ ಬಿಟ್ಟುಹೋಗಿ ಅದೂ ತೆಳ್ಳಗೆ ನುಡಿಯುತ್ತೆ. ಭಾವಗೀತೆ ಹಿಂದೆ ಮೆತ್ತಗೆ ಮೀಟೋಕೂ, ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಕ್ಕೂ ಒಂದೇ ಗಿಟಾರ್ ಸಾಕು.

ಜುಲೈ 5

ತೀರ್ಥಹಳ್ಳಿಯಿಂದ ಬೆಳಗಿನ ಬಸ್. ಮಂಡಗದ್ದೆ ದಾಟಿದರೂ ಮಳೆ ಬಿಡಲಿಲ್ಲ, ತುಂಗೆ ಕೆಂಪಗೆ ತುಂಬಿ ಹರೀತಿತ್ತು.

ಹುಡುಗ ಗಿಟಾರ್ ಕೈಗೆ ಕೊಟ್ಟ ತಕ್ಷಣ ಟೋನ್ ನಾಬ್ ಎಳೆದೆ. ಬರಲಿಲ್ಲ. ಇನ್ನೊಂದು ಸಲ ಎಳೆದೆ. "ಇದು ವಿ ಅಲ್ಲ ಮಾರಾಯ, 112ಜೆ" ಅಂದೆ. ಸೀನಿಯರ್ ಹತ್ತಿರ ತಗೊಂಡಿದ್ದನಂತೆ, ಪಾಪ ಅವನಿಗೂ ಗೊತ್ತಿರಲಿಲ್ಲ, ಮುಖ ಸಣ್ಣದಾಯ್ತು. ಜೆ ಮಾದರಿಗೂ ಬಾಡಿ ಆಲ್ಡರ್ ಮರದ್ದೇ, ಬೆರಳೊತ್ತುವ ಕಡೆಯ ಲೋಹದ ಅಡ್ಡಪಟ್ಟಿಗಳು, ಅಂದರೆ ಫ್ರೆಟ್, ಇದಕ್ಕೂ 22. ಆದರೆ ನಾನು ಆಸೆಪಟ್ಟಿದ್ದ ಕಾಯಿಲ್ ಕಟ್ ಮಾಡುವ ಸೌಕರ್ಯ ಇಲ್ಲ. ಎದ್ದು ಬರೋಣ ಅನ್ನಿಸಿತು. ಅಷ್ಟರಲ್ಲಿ ಅವರಮ್ಮ ಕಾಫಿ ತಂದರು, ಕುಡೀತಾ ಕುಡೀತಾ ನೆಕ್, ಅಂದರೆ ಗಿಟಾರಿನ ಉದ್ದ ಕತ್ತು, ನೋಡಿದೆ.

ಮಲೆನಾಡಲ್ಲಿ ಹಳೇ ಗಿಟಾರ್ ತಗೊಳ್ಳೋರು ಬಣ್ಣ ಆಮೇಲೆ ನೋಡಲಿ, ನೆಕ್ ಮೊದಲು ನೋಡಲಿ. ಸ್ಟ್ಯಾಂಡರ್ಡ್ ಟ್ಯೂನಿಂಗಲ್ಲಿ 9–42ರ (ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ದಪ್ಪ) ತೆಳು ತಂತಿಗಳೇ ಸುಮಾರು 38 ಕೆ.ಜಿ. ಎಳೆತ ಹಾಕುತ್ತವೆ. ಅದರ ಮೇಲೆ ಮರ ಮಳೆಗಾಲದಲ್ಲಿ ತೇವ ಕುಡಿದು ಊದುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ದಪ್ಪ ತಂತಿಯನ್ನ ಮೊದಲ ಫ್ರೆಟ್ಟಲ್ಲೂ, ನೆಕ್ ಬಾಡಿಗೆ ಸೇರುವ ಕಡೆಯೂ ಒತ್ತಿ ಹಿಡಿದು, ಏಳನೇ ಫ್ರೆಟ್ ಮೇಲಿನ ಸಂದಿಗೆ ವಿಸಿಟಿಂಗ್ ಕಾರ್ಡ್ ತೂರಿಸಿದೆ. ಕಾಲು ಮಿ.ಮೀ. ಆಸುಪಾಸು ಇದ್ದರೆ ಚೆನ್ನ. ಇಲ್ಲಿ ಎರಡು ಕಾರ್ಡ್ ಸಲೀಸಾಗಿ ಹೋದವು, ನೆಕ್ ಮುಂದಕ್ಕೆ ಬಾಗಿದೆ. ಎರಡನೇ, ಮೂರನೇ ಫ್ರೆಟ್ಟಲ್ಲಿ ತೆಳು ತಂತಿಗಳ ಕೆಳಗೆ ಉಗುರಿಗೆ ಸಿಗುವಷ್ಟು ತಗ್ಗು, ಅಂಚಲ್ಲಿ ಹಸಿರು ಕಿಲುಬು. ವಾಲ್ಯೂಮ್ ತಿರುಗಿಸಿದರೆ ಕರಕರ.

ಇಷ್ಟೆಲ್ಲ ಹೇಳಿದ ಮೇಲೆ ಒಂಬತ್ತೂವರೆ ಸಾವಿರಕ್ಕೆ ಇಳಿದ. "ಒಂದು ವಾರ ಇಟ್ಕೊಂಡು ನೋಡಿ ಅಣ್ಣ, ಬೇಡ ಅಂದ್ರೆ ವಾಪಸ್ ಕೊಡಿ." ಎರಡು ಸಾವಿರ ಅಡ್ವಾನ್ಸ್ ಕೊಟ್ಟು ಪ್ಲಾಸ್ಟಿಕ್ ಸುತ್ತಿ ತಂದೆ.

ಜುಲೈ 6

ಗಿಟಾರಿನ ತಲೆ, ಹೆಡ್‌ಸ್ಟಾಕ್‌ನ ಸಣ್ಣ ಮುಚ್ಚಳ ಬಿಚ್ಚಿ, ನೆಕ್ ಒಳಗೆ ಬಾಗು ಸರಿಮಾಡೋಕಿರುವ ಕಂಬಿ ಟ್ರಸ್ ರಾಡ್‌ಗೆ ಅಲೆನ್ ಕೀ ಹಾಕಿದೆ. ಇದೊಂದು ಕಚ್ಚಿಕೊಂಡಿದ್ದರೆ ವ್ಯಾಪಾರ ಅಲ್ಲಿಗೆ ಮುಗೀತಿತ್ತು. ಉಸಿರು ಹಿಡಿದು ಬಲಕ್ಕೆ ಒಂದೇ ಒಂದು ಕೂದಲೆಳೆ ತಿರುಗಿಸಿದೆ. ಕಿರ್ ಅಂತು, ತಿರುಗಿತು! ಎಂಟರಲ್ಲೊಂದು ಸುತ್ತು ಸಾಕು ಅಂತ ನಿಲ್ಲಿಸಿ, ಮತ್ತೆ ಟ್ಯೂನ್ ಮಾಡಿ ರಾತ್ರಿಯಿಡೀ ಬಿಟ್ಟೆ.

ಜುಲೈ 8

ನಿನ್ನೆ ಇನ್ನೊಂದು ಎಂಟರಲ್ಲೊಂದು ಸುತ್ತು. ಇವತ್ತು ಒಂದು ಕಾರ್ಡ್ ಬಿಗಿಯಾಗಿ ಹೋಗ್ತಿದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನಾಬ್ ಮೂವತ್ತು ಸಲ ತಿರುಗಿಸಿದ ಮೇಲೆ ಕರಕರ ನಿಂತಿದೆ. ಫ್ರೆಟ್ ತಗ್ಗು ಹಾಗೇ ಇದೆ, ಅದಕ್ಕೆ ಕೈಯಾಡಿದವರೇ ಬೇಕು.

ಇಡೋದೆಲ್ಲಿ ಅನ್ನೋದು ದೊಡ್ಡ ಯೋಚನೆ. "ಒಲೆ ಮೇಲಿನ ಅಟ್ಟದಲ್ಲಿ ಇಡೋ, ಹಪ್ಪಳ ಸಂಡಿಗೆ ಎಲ್ಲ ಅಲ್ಲೇ ಗರಿಗರಿ ಇರುತ್ತೆ" ಅಂದರು ಅಜ್ಜಿ. ಹಪ್ಪಳಕ್ಕೆ ಸರಿ, ಗಿಟಾರಿಗೆ ಆ ಶಾಖ ಆಗಲ್ಲ, ಮರ ಬಿರಿಯುತ್ತೆ. ಬೀರುವಿನಲ್ಲಿ ಸಿಲಿಕಾ ಜೆಲ್ ಡಬ್ಬಿ ಇಟ್ಟು ನೋಡಿದೆ. ಕೋಣೆಯಲ್ಲಿ ತೇವಾಂಶ ಶೇ. 91, ಬೀರುವಿನೊಳಗೆ 63. ಗಿಟಾರಿಗೆ 45ರಿಂದ 55 ಹಿತ, ಇನ್ನೊಂದು ಡಬ್ಬಿ ಬೇಕು.

ಜುಲೈ 12

ತಗೊಂಡೆ. ಮುಂದೆ ನಾಲ್ಕು ವೈರಿನ ಹಂಬಕರ್, ನಾಬ್ ಎಳೆದರೆ ಸ್ವಿಚ್ ಆಗುವ ಪುಶ್-ಪುಲ್ ಪಾಟ್ ಹಾಕಿಸಿದರೆ ಕಾಯಿಲ್ ಕಟ್ ಈ ಜೆ ಮಾದರಿಗೂ ಬರುತ್ತೆ. ನಾಲ್ಕು ದಿನ ಎಡೆಬಿಡದ ಮಳೆಯಲ್ಲೂ ನೆಕ್ ಅಲುಗಿಲ್ಲ, ದಿನಾ ಬೆಳಿಗ್ಗೆ ಅದೇ ಕಾರ್ಡಲ್ಲಿ ನೋಡ್ತಿದ್ದೀನಿ. ಐದನೇ ಫ್ರೆಟ್ ಮೇಲೆ ಸ್ವರ ಎಳೆದು ನುಡಿಸಿದರೆ ಕೊನೆತನಕ ನಿಲ್ಲುತ್ತೆ, ಎಲ್ಲೂ ಒದರಲ್ಲ. ಉಳಿದ ಏಳೂವರೆ ಸಾವಿರ ಹುಡುಗನಿಗೆ ಕಳಿಸಿದೆ. "ನುಡಿಸಿದ್ದು ರೆಕಾರ್ಡ್ ಮಾಡಿ ಕಳಿಸಿ ಅಣ್ಣ" ಅಂತ ಮೆಸೇಜ್ ಹಾಕಿದ್ದಾನೆ. ಹೊಸ ತಂತಿ ಬಂದ ದಿನ ಕಳಿಸ್ತೀನಿ.