ಫ್ಲೆಕ್ಸ್ ಮೇಲೆ ನನ್ನ ಹುಲಿ

ಕೃಷ್ಣಾಷ್ಟಮಿಯ ವಿಟ್ಲಪಿಂಡಿ ಉತ್ಸವ ಮುಗಿದು ಎರಡು ವಾರ ಆಗಿತ್ತು. ಉಡುಪಿಯಲ್ಲಿ ಬಸ್ಸಿಗೆ ಕಾಯುತ್ತಾ ಸುಮ್ನೆ ತಲೆಯೆತ್ತಿದೆ. ಎದುರಿನ ಕಟ್ಟಡದ ಫ್ಲೆಕ್ಸ್ ಮೇಲೆ ನನ್ನ ಹುಲಿ! ರಥಬೀದಿಯಲ್ಲಿ ಮಂಡಿಯೂರಿ ತೆಗೆದ ಹುಲಿವೇಷದ ಫೋಟೋ. ಬೆವರಿಗೆ ಹೊಟ್ಟೆಯ ಹಳದಿ ಬಣ್ಣ ಗೆರೆಯಾಗಿ ಇಳಿದಿದೆ. ಆ ಗೆರೆ ಸಾಕು, ನನ್ನದೇ ಅಂತ ಗೊತ್ತಾಗಲು. ಮೂಲೆಯಲ್ಲಿದ್ದ ನನ್ನ ಹೆಸರನ್ನು ಮಾತ್ರ ಹುಲಿಯ ಪಾದದ ಸಮೇತ ಕತ್ತರಿಸಿದ್ದರು. ಪಕ್ಕದಲ್ಲಿ ನಾನೇ ತೆಗೆದ ಮದುಮಗಳ ಫೋಟೋ. ಯಾವುದೋ ಹೊಸ ಸ್ಟುಡಿಯೋದ ಜಾಹೀರಾತು.

ಫೋನ್ ಮಾಡಿದೆ. "ನೆಟ್ಟಲ್ಲಿ ಸಿಕ್ಕಿದ್ದು ಮಾರಾಯ್ರೆ. ನೀವೇನು ಕಾಪಿರೈಟ್ ರಿಜಿಸ್ಟರ್ ಮಾಡಿಸಿದ್ದೀರಾ?" ಅಂದರು. ಮಾಡಿಸಿರಲಿಲ್ಲ. ಬಾಯಿ ಕಟ್ಟಿದಂತಾಯಿತು.

ಸಂಜೆ ಪರಿಚಯದ ವಕೀಲರ ಮನೆಗೆ ಹೋದೆ. ಅವರು ನಕ್ಕರು. "ರಿಜಿಸ್ಟರ್ ಮಾಡಿಸಲೇಬೇಕು ಅಂತ ಇಲ್ಲ. ಮಾಡಿಸಿದರೆ ಕೋರ್ಟಿನಲ್ಲಿ ಸಾಕ್ಷಿಗೆ ಅನುಕೂಲ, ಅಷ್ಟೇ. ಕ್ಲಿಕ್ ಮಾಡಿದ ಕೂಡಲೇ ಹಕ್ಕು ನಿಮ್ಮದು. ನೀವು ಇರುವಷ್ಟು ಕಾಲ, ಆಮೇಲೆ 60 ವರ್ಷ." ಕಾಪಿರೈಟ್ ಕಾಯ್ದೆ 1957ರದ್ದಂತೆ. ಫೋಟೋಗೆ ಇಷ್ಟು ಆಯುಸ್ಸು ಸಿಕ್ಕಿದ್ದು ಮಾತ್ರ 2012ರ ತಿದ್ದುಪಡಿಯಲ್ಲಿ.

"ಆದರೆ ಹುಲಿವೇಷ ನಿಮ್ಮದಲ್ಲ," ಎಂದು ನೆನಪಿಸಿದರು. "ಅದೇ ಬೀದಿಯಲ್ಲಿ ಇನ್ನೊಬ್ಬರು ಅದೇ ಹುಲಿಯನ್ನು ತಮ್ಮ ಕ್ಯಾಮೆರಾದಲ್ಲಿ ತೆಗೆದರೆ ನೀವು ಕೇಳುವ ಹಾಗಿಲ್ಲ."

ಅದು ಸರಿಯೇ. ಧೈರ್ಯ ಬಂದು ಮದುಮಗಳನ್ನೂ ತೋರಿಸಿದೆ.

"ಇದಕ್ಕೆ ದುಡ್ಡು ತಗೊಂಡಿದ್ದೀರಾ?"

"ಹೌದು, ಮದುವೆ ಆರ್ಡರ್."

"ಹಕ್ಕು ಯಾರದ್ದು ಅಂತ ಏನಾದರೂ ಒಪ್ಪಂದ?"

ಮದುವೆ ಮನೆಯಲ್ಲಿ ಯಾರು ಸ್ವಾಮಿ ಒಪ್ಪಂದ ಮಾಡಿಕೊಳ್ಳುತ್ತಾರೆ? ಅಡ್ವಾನ್ಸ್ ಕೈಗೆ ಬಂದರೇ ದೊಡ್ಡದು.

"ಹಾಗಾದರೆ ಇದು ನಿಮ್ಮದಲ್ಲ. ಸೆಕ್ಷನ್ 17 ನೋಡಿ. ದುಡ್ಡು ಕೊಟ್ಟು ತೆಗೆಸಿದವರದ್ದು."

ಹದಿನೈದು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಕ್ಯಾಮೆರಾ ನನ್ನದು, ಬೆನ್ನುನೋವು ನನ್ನದು, ಫೋಟೋ ಮಾತ್ರ ಅವರದ್ದು! ಜಾಸ್ತಿ ನಾಚಿಕೆ ಆಗಿದ್ದು ಬೇರೆ ವಿಷಯಕ್ಕೆ. ಆ ಫೋಟೋವನ್ನು ಮನೆಯವರನ್ನು ಕೇಳದೆ ಇನ್‌ಸ್ಟಾಗ್ರಾಮ್‌ಗೆ ಹಾಕಿದವನು ನಾನೇ. ಸ್ಟುಡಿಯೋದವರು ಎತ್ತಿಕೊಂಡದ್ದೂ ಅಲ್ಲಿಂದಲೇ.

ಮಾರನೇ ದಿನ ಹುಲಿಯ ಮೂಲ ಫೈಲ್ ತೆಗೆದುಕೊಂಡು ಸ್ಟುಡಿಯೋಗೆ ಹೋದೆ. ಪೂರ್ತಿ ಪಾದ, ತೆಗೆದ ತಾರೀಕು, ಎಲ್ಲಾ ಅದರಲ್ಲಿತ್ತು. ಅವರು ಜಾಸ್ತಿ ವಾದ ಮಾಡಲಿಲ್ಲ. ಫ್ಲೆಕ್ಸ್ ಇಳಿಸಿದರು, ಹುಲಿಯ ಫೋಟೋಗೆ ಒಂದಿಷ್ಟು ದುಡ್ಡೂ ಕೊಟ್ಟರು.

ಮದುಮಗಳ ಅಪ್ಪನಿಗೆ ಫೋನ್ ಮಾಡುವುದೇ ಕಷ್ಟವಾಗಿತ್ತು. ಎಲ್ಲಾ ಹೇಳಿ ಕ್ಷಮೆ ಕೇಳಿದೆ.

"ಫೋಟೋ ಚಂದ ಬಂದಿದೆ ಅಲ್ವಾ, ಇರಲಿ ಬಿಡಿ," ಅಂದರು. "ಆಲ್ಬಮ್ ಯಾವಾಗ ಕೊಡ್ತೀರಿ, ಅದು ಹೇಳಿ."